ಆಟ ಮುಗಿದ ಮೇಲೆ ಉಳಿಯುವ ಚಿತ್ರ

ಕುಸ್ತಿಯಲ್ಲಿ ಒಂದು ಪಟ್ಟು ಎಷ್ಟು ಹೊತ್ತಿನದು? ಕಣ್ಣು ಮಿಟುಕಿಸುವಷ್ಟು. ಇಬ್ಬರು ಪೈಲ್ವಾನರು ಮಟ್ಟಿಗೆ ಇಳಿಯುತ್ತಾರೆ, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ, ಕೈಗೆ ಕೈ ಕೊಡುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಒಬ್ಬ ಚಿತ್ತಾಗುತ್ತಾನೆ, ತಮಟೆ ಮೊಳಗುತ್ತದೆ, ಜನ ಎದ್ದು ಹೊರಡುತ್ತಾರೆ. ಮರುದಿನ ಸಲಿಕೆ ಹಿಡಿದು ಮಟ್ಟಿಯ ಮಣ್ಣನ್ನು ಮಗುಚಿದರೆ ಅಲ್ಲಿ ಹೆಜ್ಜೆ ಗುರುತೂ ಇರುವುದಿಲ್ಲ. ಆಟದ ಸ್ವಭಾವವೇ ಅದು. ಆಡಿದಾಗ ಇರುತ್ತದೆ, ಮುಗಿದಾಗ ಇಲ್ಲವಾಗುತ್ತದೆ.

ಆದರೆ ಹೆಗ್ಗಡದೇವನಕೋಟೆ ಸೀಮೆಯ ಒಂದು ಕುಸ್ತಿ ಒಂಬೈನೂರು ವರ್ಷಗಳಿಗೂ ಮೀರಿ ಉಳಿದುಬಂದಿದೆ. ಆ ಸೀಮೆಯ ಬೆಳತೂರಿನಲ್ಲಿ ದೊರೆತ, ಕ್ರಿ.ಶ. 1057ರ ಶಾಸನವೊಂದು ಆ ಕಥೆಯನ್ನು ಪದ್ಯಗಳಲ್ಲಿ ಹೇಳುತ್ತದೆ. ಆಗ ಈ ನಾಡು ಚೋಳರ ಆಳ್ವಿಕೆಯಲ್ಲಿತ್ತು. ನುಗುನಾಡಿನ ರವಿಗನ ಮಗಳು ದೇಕಬ್ಬೆ. ಆಕೆಯ ಗಂಡ ನವಲೆನಾಡಿನ ಒಡೆಯ ಏಚ. ಏಚ ಮಲ್ಲಯುದ್ಧದಲ್ಲಿ ಒಬ್ಬನನ್ನು ಕೊಂದ. ಅದಕ್ಕಾಗಿ ಅವನನ್ನು ತಲಕಾಡಿನಲ್ಲಿ ಕೊಲ್ಲಿಸಲಾಯಿತು. ಸುದ್ದಿ ಕೇಳಿದ ದೇಕಬ್ಬೆ, ಹೆತ್ತವರು ಎಷ್ಟು ಬೇಡಿಕೊಂಡರೂ ಕೇಳದೆ ಬೆಂಕಿಯನ್ನು ಹೊಕ್ಕಳು.

ಗಮನಿಸಬೇಕಾದ ಸಂಗತಿ ಇಲ್ಲಿದೆ. ಈ ಕಲ್ಲು ನಿಂತದ್ದು ಕುಸ್ತಿಯಾಡಿದ ಏಚನಿಗಾಗಿ ಅಲ್ಲ, ಅವನ ಹಿಂದೆ ಸತ್ತ ಹೆಂಡತಿಗಾಗಿ. ಸಹಗಮನವನ್ನು ಇಂದು ನಾವು ಯಾರೂ ಕೊಂಡಾಡಲಾರೆವು. ಆದರೆ ಆ ಹೆಣ್ಣುಮಗಳ ಸಾವನ್ನು ಕಲ್ಲಿಗೆ ಏರಿಸುವ ಮನಸ್ಸು ಅಂದಿನವರಿಗೆ ಇರದೇ ಹೋಗಿದ್ದರೆ, ಮಟ್ಟಿಯಲ್ಲಿ ನಡೆದ ಸಾವಿಗೂ ದೊರೆ ಲೆಕ್ಕ ಕೇಳುತ್ತಿದ್ದನೆಂಬ ಸಂಗತಿ ನಮಗೆ ತಿಳಿಯುತ್ತಲೇ ಇರಲಿಲ್ಲ. ಆಟ ಅಳಿಯಿತು, ಕಲ್ಲು ಉಳಿಯಿತು.

ಕಲೆಗೂ ಕ್ರೀಡೆಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಇದನ್ನೇ ಉತ್ತರವಾಗಿ ಹೇಳಬಹುದು. ಆಟಕ್ಕೆ ನೆನಪಿಲ್ಲ. ಅದರ ನೆನಪನ್ನು ಹೊತ್ತುಕೊಳ್ಳುವುದು ಶಿಲ್ಪ ಮತ್ತು ಚಿತ್ರ. ಹಾಗಾದರೆ ಯಾರ ಆಟವನ್ನು ಕಲೆ ಹೊತ್ತುಕೊಂಡಿತು, ಯಾರದನ್ನು ಕೈಬಿಟ್ಟಿತು? ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸುತ್ತ ಒಮ್ಮೆ ಓಡಾಡಿದರೆ ಈ ಪ್ರಶ್ನೆಗೆ ಹಲವು ಉತ್ತರಗಳು ಸಿಗುತ್ತವೆ.

ಹೆಸರಿಲ್ಲದ ಓಟಗಾರ, ಹೆಸರುಳ್ಳ ನಾಯಿ

ಮೊದಲು ದೂರದ ಒಂದು ಹೋಲಿಕೆ. ಕ್ರೀಡೆಯ ಕಲೆ ಎಂದ ಕೂಡಲೇ ಪ್ರಪಂಚ ನೆನೆಯುವುದು ಗ್ರೀಸ್ ದೇಶವನ್ನು. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಮೈರಾನ್ ಎಂಬ ಶಿಲ್ಪಿ ಚಕ್ರ ಎಸೆಯುವವನ ಮೂರ್ತಿಯನ್ನು ಕಂಚಿನಲ್ಲಿ ಎರಕ ಹೊಯ್ದ. ಮೂಲ ಕಳೆದುಹೋಗಿದೆ. ಮುಂದೆ ರೋಮನರು ಅಮೃತಶಿಲೆಯಲ್ಲಿ ಮಾಡಿಕೊಂಡ ನಕಲುಗಳಿಂದ ಅದು ನಮಗೆ ಗೊತ್ತು. ಆ ಮೂರ್ತಿಯಲ್ಲಿ ಶಿಲ್ಪಿಯ ಹೆಸರು ಉಳಿಯಿತು, ಎಸೆದವನ ಹೆಸರು ಉಳಿಯಲಿಲ್ಲ. ಅಥೆನ್ಸಿನ ಕ್ರೀಡೋತ್ಸವದಲ್ಲಿ ಗೆದ್ದವರಿಗೆ ಎಣ್ಣೆ ತುಂಬಿದ ಮಣ್ಣಿನ ಜಾಡಿಗಳನ್ನು ಬಹುಮಾನವಾಗಿ ಕೊಡುತ್ತಿದ್ದರು. ಜಾಡಿಯ ಒಂದು ಮಗ್ಗುಲಲ್ಲಿ ಅಥೇನಾ ದೇವತೆ, ಇನ್ನೊಂದು ಮಗ್ಗುಲಲ್ಲಿ ಓಟ, ಕುಸ್ತಿ, ರಥದ ಪಂದ್ಯದಂಥ ಆಟದ ಚಿತ್ರ. ಬಹುಮಾನವೇ ಚಿತ್ರ, ಚಿತ್ರವೇ ಬಹುಮಾನ.

ಈಗ ನಮ್ಮ ಕಡೆಗೆ ಬನ್ನಿ. ಇಲ್ಲಿನ ಹಳ್ಳಿಗಳಲ್ಲಿ ಊರ ಮುಂದೆ, ಕೆರೆ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ ನಿಂತಿರುವ ವೀರಗಲ್ಲುಗಳನ್ನು ನೀವು ನೋಡಿಯೇ ಇರುತ್ತೀರಿ. ಇವು ಕ್ರೀಡೆಯ ಸ್ಮಾರಕಗಳಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಬಹುಪಾಲು ಕಲ್ಲುಗಳು ತುರುಗಳನ್ನು ಕಾಯುವಾಗ, ಊರಿನ ಮೇಲೆ ದಾಳಿ ನಡೆದಾಗ ಸತ್ತವರಿಗಾಗಿ ನಿಂತವು. ಆದರೆ ಹುಲಿ, ಹಂದಿಗಳೊಂದಿಗೆ ಕಾದಾಡಿ ಮಡಿದವರ ಕಲ್ಲುಗಳೂ ಇವುಗಳ ನಡುವೆ ಇವೆ. ಕಸುವುಳ್ಳ ಮೈ ಓಡುವಾಗ, ಬಾಗುವಾಗ, ಎಸೆಯುವಾಗ ಹೇಗೆ ಕಾಣುತ್ತದೆಂದು ನಮ್ಮ ಹಳ್ಳಿಯ ಶಿಲ್ಪಿಗಳು ಕಲಿತದ್ದು ಈ ಕಲ್ಲುಗಳ ಮೇಲೆಯೇ.

ವೀರಗಲ್ಲನ್ನು ಓದುವುದು ಕಷ್ಟವಲ್ಲ. ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನದರಲ್ಲಿ ಹೋರಾಟ: ವೀರ ಒಂದು ಕಾಲು ಮುಂದಿಟ್ಟು, ಮಂಡಿ ಬಾಗಿಸಿ, ಬಿಲ್ಲನ್ನೋ ಕತ್ತಿಯನ್ನೋ ಹಿಡಿದಿರುತ್ತಾನೆ. ನಡುವಣದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲಿನದರಲ್ಲಿ ಅವನು ಶಿವನ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ; ಅವರಿರುವ ತನಕ ಇದೂ ಇರಲಿ ಎಂಬ ಆಶಯ.

ಗ್ರೀಕರ ಮೂರ್ತಿಗೂ ನಮ್ಮ ಕಲ್ಲಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಬರಹವಿರುವ ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಹೋರಾಡಿದವನ ಹೆಸರಿರುತ್ತದೆ, ಕೆತ್ತಿದವನ ಹೆಸರು ಇರುವುದು ಅಪರೂಪ. ಅದೂ ಎಂಥ ಹೆಸರು! ಅರಸನದಲ್ಲ, ಸಾಮಂತನದೂ ಅಲ್ಲದಿರಬಹುದು. ಊರಿನ ಒಬ್ಬ ಸಾಧಾರಣ ಮನುಷ್ಯನದು.

ಮನುಷ್ಯನದೇ ಏಕೆ, ನಾಯಿಯ ಹೆಸರೂ ಉಳಿದಿದೆ. ಈಗಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949-50ರ ಒಂದು ಕಲ್ಲು ದೊರೆತಿದೆ. ಗಂಗರ ಅರಸ ಇಮ್ಮಡಿ ಬೂತುಗ ತನ್ನ ವೀರ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ ಬೇಕಾದ್ದನ್ನು ಕೇಳೆಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ನಾಯಿ, ಹಂದಿ ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಂತಿತು, ಕಲ್ಲಿನ ಪೂಜೆಗೆಂದು ಭೂಮಿಯನ್ನು ಬಿಡಲಾಯಿತು. ನಾಯಿಯೂ ಹಂದಿಯೂ ಎದುರುಬದುರಾಗಿ ಸೆಣಸುವ ಶಿಲ್ಪ ಆ ಕಲ್ಲಿನ ಮೇಲಿದೆ. ಈಗ ಅದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಬೇಟೆಯ ಒಂದು ಕ್ಷಣವನ್ನು ಇಷ್ಟು ಆದರದಿಂದ ಹಿಡಿದಿಟ್ಟ ಕಲ್ಲು ಬೇರೆಲ್ಲಿದೆ?

ಅರಸರ ವಿನೋದ

ಕಲೆ ಊರಿನಿಂದ ಅರಮನೆಗೆ ಹೋದಂತೆ ಕಥೆ ಬದಲಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಚಿತ್ರ ಬರೆಯುವ ಕ್ರಮವೂ ಇದೆ, ಮಲ್ಲರನ್ನು ಸಾಕಿ ಕಾಳಗಕ್ಕೆ ಬಿಡುವ ಕ್ರಮವೂ ಇದೆ. ಬಣ್ಣ ಹದ ಮಾಡುವುದು, ಮೈ ಹದ ಮಾಡುವುದು, ಎರಡೂ ಅರಸ ತಿಳಿದಿರಬೇಕಾದ ವಿದ್ಯೆಗಳು ಎಂಬುದು ಆ ಕಾಲದ ನಂಬಿಕೆ.

ಹಂಪಿಯ ಮಹಾನವಮಿ ದಿಬ್ಬದ ಸುತ್ತ ಬೇಟೆ, ಕುದುರೆ, ಆನೆ, ಕುಣಿತ, ಜಟ್ಟಿಗಳ ಸೆಣಸಾಟ ಎಲ್ಲವೂ ಸಾಲುಸಾಲಾಗಿ ಕೆತ್ತಿವೆ. 1520ರ ಸುಮಾರಿಗೆ ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ನವರಾತ್ರಿಯ ಜಟ್ಟಿ ಕಾಳಗವನ್ನು ಕಣ್ಣಾರೆ ಕಂಡು, ಹಲ್ಲು ಮುರಿಯುವಂಥ ಏಟುಗಳು ಬೀಳುತ್ತಿದ್ದವೆಂದು ಬರೆದಿಟ್ಟಿದ್ದಾನೆ. ಆ ಪದ್ಧತಿಯ ಕೊನೆಯ ಕೊಂಡಿ ಇಂದಿಗೂ ಮೈಸೂರಿನಲ್ಲಿದೆ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ವಜ್ರಮುಷ್ಟಿ ಕಾಳಗ ಆಡುತ್ತಾರೆ. ಮೊದಲ ರಕ್ತದ ಹನಿ ಕಂಡರೆ ಆಟ ಮುಗಿಯಿತು.

ಮೈಸೂರು ಅರಸರಲ್ಲಿ ಸ್ವತಃ ಕುಸ್ತಿಗೆ ಹೆಸರಾದವರು 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು. ಚೆಂಗಾಳ್ವರ ಕೈಯಲ್ಲಿದ್ದ ಪಿರಿಯಾಪಟ್ಟಣ ಮೈಸೂರಿಗೆ ಸೇರಿದ್ದು ಇವರ ಕಾಲದಲ್ಲೇ. ಇವರು ಗುರುತು ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಜಟ್ಟಿಯನ್ನು ಸೋಲಿಸಿದರೆಂಬ ಕಥೆಯನ್ನು ಕೇಳದ ಮೈಸೂರಿಗರಿಲ್ಲ. ಶ್ರೀರಂಗಪಟ್ಟಣದ ನರಸಿಂಹಸ್ವಾಮಿ ಗುಡಿಯಲ್ಲಿ ಇವರ ಮೂರ್ತಿಯಿದೆ. ಆದರೆ ಆ ಮೂರ್ತಿ ಕುಸ್ತಿಪಟುವಿನದಲ್ಲ. ದೇವರಿಗೆ ಕೈಮುಗಿದು ನಿಂತ ಭಕ್ತ ದೊರೆಯದು. ಶಿಲ್ಪಿ ಪಟ್ಟು ಬಿಟ್ಟು ಪಟ್ಟವನ್ನಷ್ಟೇ ಕೆತ್ತಿದ.

ಮುಮ್ಮಡಿ ಕೃಷ್ಣರಾಜ ಒಡೆಯರ (1794-1868) ಕಾಲಕ್ಕೆ ಆಟಕ್ಕೂ ಚಿತ್ರಕ್ಕೂ ಇದ್ದ ನಂಟು ಇನ್ನೂ ಬಿಗಿಯಾಯಿತು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ ಎಂಬ ಸಚಿತ್ರ ಮಹಾಗ್ರಂಥದಲ್ಲಿ 122 ಆಸನಗಳ ಚಿತ್ರಗಳಿವೆ. ಹಗ್ಗ ಹಿಡಿದು ಮಾಡುವ ಆಸನಗಳೂ ಅವುಗಳಲ್ಲಿ ಸೇರಿವೆ. ಇವುಗಳಲ್ಲಿ ಗರಡಿಯ ಸಾಮುಗಳೂ ಬೆರೆತಿವೆ ಎಂಬುದು ಕೆಲವು ವಿದ್ವಾಂಸರ ಅಭಿಪ್ರಾಯ. ಅದೇ ಒಡೆಯರು ಗಂಜೀಫಾ ಎಲೆಗಳ ಹೊಸ ಹೊಸ ಆಟಗಳನ್ನು ಕಟ್ಟಿದರು, ಚದುರಂಗದ ಕುದುರೆಯ ನಡೆಯ ಮೇಲೆ ಲೆಕ್ಕಗಳನ್ನು ಹೂಡಿದರು. ಒಂದೊಂದು ಗಂಜೀಫಾ ಎಲೆಯೂ ಕೈಯಲ್ಲಿ ಹಿಡಿದ ಪುಟ್ಟ ಚಿತ್ರ. ಆಡುವವನು ಚಿತ್ರಶಾಲೆಯನ್ನೇ ಕೈಯಲ್ಲಿ ಹಿಡಿದು ಕೂತಂತೆ.

ನೆಲದ ಮೇಲೆ ಗೀಚಿದ ಕಲೆ

ಅರಮನೆಗೆ ಗಂಜೀಫಾ ಇದ್ದರೆ ಊರಿನವರಿಗೆ ಕಲ್ಲುಚಪ್ಪಡಿ ಇತ್ತು. ಹಳೆಯ ಗುಡಿಗಳ ಜಗಲಿ, ಮಂಟಪಗಳ ನೆಲವನ್ನು ಬಗ್ಗಿ ನೋಡಿ. ಹುಲಿ-ಕುರಿ ಆಟದ ಗೆರೆ, ಚೌಕಾಬಾರದ ಮನೆ, ಅಳಗುಳಿ ಮಣೆಯ ಗುಳಿಗಳು ಎಷ್ಟೋ ಕಡೆ ಕಲ್ಲಿನಲ್ಲೇ ಕೊರೆದಿವೆ. ಕುಂಟೆಬಿಲ್ಲೆ ಆಡುವ ಹುಡುಗಿ ಇದ್ದಿಲಿನಲ್ಲಿ ಎಳೆಯುವ ಚೌಕಗಳೂ, ಕಬಡ್ಡಿಗೆ ಸುಣ್ಣದ ಪುಡಿಯಲ್ಲಿ ಎಳೆದ ಗೆರೆಯೂ ಇದೇ ಜಾತಿಗೆ ಸೇರಿದವು. ಗೆರೆ ಎಳೆಯುವ ತನಕ ಅದು ಬರೀ ನೆಲ. ಎಳೆದ ಮೇಲೆ ಅದಕ್ಕೊಂದು ಒಳಗು, ಹೊರಗು, ಸೋಲು, ಗೆಲುವು ಹುಟ್ಟಿಕೊಳ್ಳುತ್ತದೆ.

ಸಂಕ್ರಾಂತಿಯ ದಿನ ಈ ಕಡೆಯ ಹಳ್ಳಿಗಳಿಗೆ ಬಂದರೆ ಇನ್ನೊಂದು ಬಗೆಯ ಚಿತ್ರ ಕಾಣುತ್ತದೆ. ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಸಂಜೆ ಕಿಚ್ಚು ಹಾಯಿಸುತ್ತಾರೆ. ಬೆಂಕಿಯ ಮೇಲೆ ಎತ್ತು ನೆಗೆಯುವ ಕ್ಷಣದಲ್ಲಿ ಬಣ್ಣವೂ ಬಲವೂ ಒಂದಾಗುತ್ತವೆ. ಕೃಷ್ಣರಾಜನಗರ ಸೀಮೆಯ ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಆಸುಪಾಸಿನಲ್ಲಿ ಕೂಡುವ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಗಳನ್ನು ಸಿಂಗರಿಸಿ ನಿಲ್ಲಿಸುವುದನ್ನು ನೋಡಿದವರಿಗೆ, ರೈತನೊಳಗೊಬ್ಬ ಚಿತ್ರಗಾರ ಇರುತ್ತಾನೆಂಬುದನ್ನು ಬೇರೆ ಹೇಳಬೇಕಿಲ್ಲ.

ಕಾಕನಕೋಟೆಯ ಫೋಟೋಗಳಲ್ಲಿ ಇಲ್ಲದವರು

ಈ ನಾಲ್ಕು ತಾಲ್ಲೂಕುಗಳಲ್ಲಿ ಪ್ರಪಂಚದ ಕಣ್ಣಿಗೆ ಹೆಚ್ಚು ಬಿದ್ದ ‘ಆಟ’ ಯಾವುದು? ಹೆಗ್ಗಡದೇವನಕೋಟೆಯ ಕಾಕನಕೋಟೆ ಕಾಡಿನ ಖೆಡ್ಡಾ. ಕಾಡಾನೆಗಳ ಹಿಂಡನ್ನು ಸುತ್ತುವರಿದು ಕೂಗಿ, ತಮಟೆ ಬಡಿದು, ಹೊಳೆ ದಾಟಿಸಿ, ಮರದ ದಿಮ್ಮಿಗಳ ದೊಡ್ಡಿಗೆ ನುಗ್ಗಿಸುವ ಕೆಲಸ ಅದು. ಮೈಸೂರು ಸಂಸ್ಥಾನದಲ್ಲಿ ಜಿ.ಪಿ. ಸ್ಯಾಂಡರ್ಸನ್ ಎಂಬ ಅಧಿಕಾರಿ 1870ರ ದಶಕದಲ್ಲಿ ಆರಂಭಿಸಿದ ಈ ಪದ್ಧತಿ ಮುಂದೆ ವೈಸ್‌ರಾಯ್‌ಗಳಿಗೂ ರಾಜಕುಮಾರರಿಗೂ ತೋರಿಸುವ ದೊಡ್ಡ ಪ್ರದರ್ಶನವಾಗಿ ಬೆಳೆಯಿತು. ಅದರ ಫೋಟೋಗಳು ಲಂಡನ್ನಿನವರೆಗೆ ಹೋದವು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆ ಮೇಲೆ ಕಬಿನಿ ಅಣೆಕಟ್ಟೆಯ ಹಿನ್ನೀರು ಆ ಕಾಡಿನ ಒಂದು ಭಾಗವನ್ನು ನುಂಗಿತು.

ಅತಿಥಿಗಳು ಎತ್ತರದ ಅಟ್ಟಣೆಯಲ್ಲಿ ಕೂತು ನೋಡುತ್ತಿದ್ದರು. ಆನೆಯ ಜಾಡು ಹಿಡಿದವರು, ರಾತ್ರಿಯಿಡೀ ಬೆಂಕಿ ಕಾದವರು, ಸಾಕಾನೆಯ ಕೊರಳ ಮೇಲೆ ಕೂತು ಕಾಡಾನೆಯ ಹಿಂಡಿನ ನಡುವೆ ನುಗ್ಗಿದವರು ಜೇನುಕುರುಬ, ಕಾಡುಕುರುಬ ಹಾಡಿಗಳವರು ಮತ್ತು ಮಾವುತರು. ಮೇಲೆ ಕೂತವರಿಗೆ ಅದು ಆಟ, ಕೆಳಗಿದ್ದವರಿಗೆ ಅದು ಕೂಲಿ ಮತ್ತು ಪ್ರಾಣಭಯ. ಆ ಕಾಲದ ಫೋಟೋಗಳ ಕೆಳಗೆ ಅತಿಥಿಗಳ ಹೆಸರು ಬಿರುದು ಸಹಿತ ಅಚ್ಚಾಗುತ್ತಿತ್ತು. ಮಾವುತನ ಹೆಸರು ಕಾಣುವುದು ಅಪರೂಪ. ಸಾವಿರ ವರ್ಷಗಳ ಹಿಂದೆ ಆತಕೂರಿನ ಶಿಲ್ಪಿ ನಾಯಿಗೆ ಸಲ್ಲಿಸಿದ ಗೌರವವನ್ನು ಇಪ್ಪತ್ತನೆಯ ಶತಮಾನದ ಕ್ಯಾಮೆರಾ ಮಾವುತನಿಗೆ ಸಲ್ಲಿಸಲಿಲ್ಲ.

ಒಬ್ಬನ ಪಾಲಿಗೆ ಮಾತ್ರ ಅದೃಷ್ಟ ಬೇರೆಯಾಯಿತು. ಇದೇ ಸೀಮೆಯ ಕಾರಾಪುರದ ಮಾವುತನ ಮಗ ಸಾಬು. 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಆ ಹುಡುಗ ಜಗತ್ತಿಗೆಲ್ಲ ಗೊತ್ತಾದ, ಹಾಲಿವುಡ್ಡಿನ ನಟನಾದ. ಕ್ಯಾಮೆರಾ ಒಮ್ಮೆ ಕೆಳಗಿನವರತ್ತ ತಿರುಗಿದರೆ ಏನಾಗುತ್ತದೆ ಎಂಬುದಕ್ಕೆ ಅವನೇ ಸಾಕ್ಷಿ. ಆದರೆ ಹಾಗೆ ತಿರುಗಿದ್ದು ಎಷ್ಟು ಸಲ?

ಕಲಾವಿದರಿಗೂ ಪದಕ

ಕಲೆ ಮತ್ತು ಕ್ರೀಡೆಯನ್ನು ಒಂದೇ ವೇದಿಕೆಗೆ ತರುವ ಪ್ರಯತ್ನ ಆಧುನಿಕ ಕಾಲದಲ್ಲಿ ನಡೆಯಲಿಲ್ಲವೆ? ನಡೆಯಿತು. ಇಂದಿನ ಒಲಿಂಪಿಕ್ಸನ್ನು ಹುಟ್ಟುಹಾಕಿದ ಪಿಯರ್ ದ ಕೂಬರ್ತಾನ್ ಅವರ ಆಸೆಯಂತೆ 1912ರ ಸ್ಟಾಕ್‌ಹೋಮ್ ಕ್ರೀಡಾಕೂಟದಿಂದ 1948ರ ಲಂಡನ್ ಕ್ರೀಡಾಕೂಟದವರೆಗೆ ಚಿತ್ರ, ಶಿಲ್ಪ, ವಾಸ್ತು, ಸಾಹಿತ್ಯ, ಸಂಗೀತಗಳಿಗೂ ಪದಕ ಕೊಡುತ್ತಿದ್ದರು. ಕೃತಿಯ ವಸ್ತು ಕ್ರೀಡೆಯೇ ಆಗಿರಬೇಕೆಂಬುದು ನಿಯಮ. ಸ್ವತಂತ್ರ ಐರ್ಲೆಂಡ್ ದೇಶಕ್ಕೆ 1924ರಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಗೆದ್ದದ್ದು ಓಟಗಾರನಲ್ಲ, ಚಿತ್ರಗಾರ ಜಾಕ್ ಯೇಟ್ಸ್. ಡಬ್ಲಿನ್ನಿನ ಹೊಳೆಯಲ್ಲಿ ನಡೆಯುವ ಈಜಿನ ಪಂದ್ಯವನ್ನು ಅವರು ಚಿತ್ರಿಸಿದ್ದರು. ಆದರೆ ಕಲಾವಿದರು ಕಲೆಯಿಂದಲೇ ಹೊಟ್ಟೆ ಹೊರೆಯುವವರು, ಒಲಿಂಪಿಕ್ಸ್ ಆಗ ಹವ್ಯಾಸಿಗಳಿಗೆ ಮಾತ್ರ ಮೀಸಲು. ಈ ತಕರಾರಿನಿಂದ ಕಲೆಯ ಪದಕಗಳು ನಿಂತುಹೋದವು.

ನಮ್ಮ ಗರಡಿಗೆ ಈ ತಕರಾರು ಎಂದೂ ಬರಲಿಲ್ಲ. ಅಲ್ಲಿ ಚಿತ್ರ ಸ್ಪರ್ಧಿಯಲ್ಲ, ಮನೆಯವನು. ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ಹನುಮಂತ. ಅವನಿಗೆ ಕೈಮುಗಿಯದೆ ಯಾರೂ ಮಟ್ಟಿಗೆ ಇಳಿಯುವುದಿಲ್ಲ. ಗೋಡೆಯ ಮೇಲೆ ಹಳೆಯ ಉಸ್ತಾದರ, ಪೈಲ್ವಾನರ ಕಪ್ಪುಬಿಳುಪು ಭಾವಚಿತ್ರಗಳು: ತೋಳು ಕಟ್ಟಿಕೊಂಡು, ಎದೆ ಉಬ್ಬಿಸಿ, ಪಕ್ಕದಲ್ಲಿ ಗದೆ ಇಟ್ಟುಕೊಂಡು ಸ್ಟುಡಿಯೋದಲ್ಲಿ ತೆಗೆಸಿದಂಥವು. ಗೆದ್ದವನಿಗೆ ಸಿಗುವ ಬೆಳ್ಳಿ ಗದೆಯೂ ಅಥೆನ್ಸಿನ ಜಾಡಿಯ ಹಾಗೆ ಕುಶಲಕರ್ಮಿಯ ಕೈಕೆಲಸವೇ. ಹನುಮಂತನ ಆಯುಧ ಪೈಲ್ವಾನನ ಹೆಗಲೇರುತ್ತದೆ.

ಊರಿನ ಜಾತ್ರೆಗೆ ಕುಸ್ತಿ ಏರ್ಪಾಡಾದರೆ ಭಿತ್ತಿಪತ್ರ ಅಚ್ಚಾಗುತ್ತದೆ. ಎದುರುಬದುರು ಜೋಡಿಗಳ ಚಿತ್ರ, ಕೆಳಗೆ ಹೆಸರು, ಊರು, ಗರಡಿ, ಉಸ್ತಾದರ ಹೆಸರು. ಈಗ ಕಾಗದದ ಜಾಗಕ್ಕೆ ಫ್ಲೆಕ್ಸ್ ಬಂದಿದೆ. ಬಣ್ಣ ಕಣ್ಣು ಕುಕ್ಕುತ್ತದೆ, ನಿಜ. ಆದರೂ ಯೋಚಿಸಿ ನೋಡಿ: ಸಾಧಾರಣ ರೈತನ ಮಗನೊಬ್ಬನ ಮೈಕಟ್ಟು, ಹೆಸರು, ಊರು ಮೂರೂ ಒಂದೇ ಕಡೆ, ಊರ ಮುಂದೆ, ಎಲ್ಲರಿಗೂ ಕಾಣುವಂತೆ ನಿಲ್ಲುವುದು ಇಲ್ಲಿಯೇ ಅಲ್ಲವೆ? ವೀರಗಲ್ಲು ಮಾಡಿದ್ದೂ ಇದನ್ನೇ. ವ್ಯತ್ಯಾಸ ಇಷ್ಟೆ: ಕಲ್ಲು ಸಾವಿರ ವರ್ಷ ನಿಂತಿತು, ಫ್ಲೆಕ್ಸು ಜಾತ್ರೆಯ ಮರುವಾರ ಯಾರದೋ ಕೊಟ್ಟಿಗೆಗೆ ಮರೆಯಾಗುತ್ತದೆ.

ಉಳಿಸಿಕೊಳ್ಳುವುದು ಯಾರ ಕೆಲಸ?

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸು ಅವರಿಗೆ ಯೌವನದಲ್ಲಿ ಕುಸ್ತಿಯ ಗೀಳು ಇದ್ದದ್ದು ಈ ಕಡೆಯ ಹಿರಿಯರ ಮಾತಿನಲ್ಲಿ ಇಂದಿಗೂ ಬರುತ್ತದೆ. ಅವರ ಪ್ರತಿಮೆಗಳಲ್ಲಿ ನಾವು ಕಾಣುವುದು ಮುಖ್ಯಮಂತ್ರಿಯನ್ನು, ಕುಸ್ತಿಪಟುವನ್ನಲ್ಲ. ಕಂಠೀರವ ಒಡೆಯರ ಮೂರ್ತಿಯ ಕಥೆಯೇ ಇಲ್ಲಿಯೂ ಮರುಕಳಿಸಿದೆ. ಆದರೆ ಹೆಸರು ಬೇರೊಂದು ದಾರಿಯಿಂದ ಮಟ್ಟಿಗೆ ಮರಳಿತು. ಮೈಸೂರು ದಸರಾ ಕುಸ್ತಿ ನಡೆಯುವುದು ದೊಡ್ಡಕೆರೆ ಮೈದಾನದ ಡಿ. ದೇವರಾಜ ಅರಸು ಕ್ರೀಡಾಂಗಣದಲ್ಲಿ. ಅಲ್ಲಿ ಕೊಡುವ ಬಿರುದುಗಳಲ್ಲಿ ಒಂದು ‘ದಸರಾ ಕಂಠೀರವ’. ಇಬ್ಬರ ವಿಷಯದಲ್ಲೂ ಶಿಲ್ಪ ಮರೆತದ್ದನ್ನು ಜನರ ನಾಲಿಗೆ ನೆನಪಿಟ್ಟುಕೊಂಡಿದೆ.

ಎಲ್ಲವನ್ನೂ ನಾಲಿಗೆಯ ಮೇಲೆ ಬಿಡಲಾಗದು. ಎಷ್ಟೋ ಊರುಗಳಲ್ಲಿ ವೀರಗಲ್ಲುಗಳು ಬಟ್ಟೆ ಒಗೆಯುವ ಕಲ್ಲಾಗಿವೆ, ಚರಂಡಿಯ ಮೇಲೆ ಹಾಸಿದ ಚಪ್ಪಡಿಯಾಗಿವೆ, ರಸ್ತೆ ಅಗಲ ಮಾಡುವಾಗ ಮಣ್ಣಿನಡಿ ಸೇರಿವೆ. ಬೆಳತೂರಿನ ಶಾಸನ ಇಂದು ನಮಗೆ ಓದಲು ಸಿಗುವುದು ಬಿ.ಎಲ್. ರೈಸ್ ಅವರು ಊರೂರಿನ ಕಲ್ಲುಗಳ ಪ್ರತಿ ತೆಗೆಸಿ, ಈ ಸೀಮೆಯ ಶಾಸನಗಳ ಸಂಪುಟವನ್ನು 1898ರಲ್ಲಿ ಅಚ್ಚು ಹಾಕಿಸಿದ್ದರಿಂದ. ಪ್ರತಿ ತೆಗೆಯುವ ಕೆಲಸಕ್ಕೆ ಇಂದು ದೊಡ್ಡ ಇಲಾಖೆಯೇ ಬರಬೇಕೆಂದಿಲ್ಲ. ಊರಿನ ಶಾಲೆಯ ಚಿತ್ರಕಲಾ ಮೇಷ್ಟರು ಒಂದು ಶನಿವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಕೆರೆ ಏರಿಯ ಕಲ್ಲನ್ನು ತೊಳೆಸಿ, ನೋಡಿ ಬರೆಯಿಸಿದರೂ ಸಾಕು. ಕುಸ್ತಿ ಸಮಿತಿಯವರು ಪ್ರತಿ ವರ್ಷದ ಭಿತ್ತಿಪತ್ರದ ಒಂದು ಪ್ರತಿಯನ್ನು ಗ್ರಂಥಾಲಯಕ್ಕೆ ಕೊಟ್ಟರೂ ಸಾಕು. ಗರಡಿಯ ಭಾವಚಿತ್ರಗಳ ಹಿಂದೆ ಅದು ಯಾರದು, ಯಾವ ವರ್ಷದ್ದು ಎಂದು ಒಂದು ಸಾಲು ಬರೆದಿಟ್ಟರೂ ಸಾಕು.

ಕೊನೆಗೊಮ್ಮೆ ಬೆಳತೂರಿಗೆ ಮರಳೋಣ. ಅಂದು ಒಬ್ಬ ಹೆಣ್ಣುಮಗಳು ಕಲ್ಲಿನಲ್ಲಿ ಉಳಿಯಬೇಕಾದರೆ ಗಂಡನ ಕುಸ್ತಿಯ ಫಲವಾಗಿ ಬೆಂಕಿಗೆ ಬೀಳಬೇಕಾಯಿತು. ಇಂದು ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳೂ ಸೆಣಸುತ್ತಾರೆ, ‘ದಸರಾ ಕಿಶೋರಿ’ ಎಂಬ ಬಿರುದು ಗೆಲ್ಲುತ್ತಾರೆ. ದೇಕಬ್ಬೆಯ ನಾಡಿನ ಹುಡುಗಿಯೊಬ್ಬಳು ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಎದುರಾಳಿಗೆ ಕೈ ಕೊಡುವ ಆ ಗಳಿಗೆಯನ್ನು ಯಾರಾದರೂ ಚಿತ್ರ ಬರೆಯಬೇಕು. ಅವಳ ಹೆಸರನ್ನೂ ಕೆಳಗೆ ಬರೆಯಬೇಕು.